ಎಡ್‌ಡಿಗೆ ಅರ್ಜಿ ಹಾಕೋ ಮುಂಚೆ ಒಂದು ವರ್ಷ ಕೈಯಲ್ಲಿರಲಿ

ಈಚೆಗೆ ನಾಲ್ಕು ಜನ ಶಿಕ್ಷಕರು ನನಗೆ ಒಂದೇ ಪ್ರಶ್ನೆ ಕೇಳಿದ್ದಾರೆ. "ಮೇಡಂ, ಎಡ್‌ಡಿಗೆ ಏನೇನು ಬೇಕು?" ಎಡ್‌ಡಿ ಅನ್ನೋ ಶಿಕ್ಷಣದ ಡಾಕ್ಟರೇಟ್‌ಗೆ ಅರ್ಜಿ ಹಾಕೋಕೆ ಬೇಕಾದ ದಾಖಲೆಗಳ ಪಟ್ಟಿ ಅವರು ಕೇಳ್ತಿರೋದು. ಆ ಪಟ್ಟಿ ಪ್ರತಿ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೂ ಇದೆ, ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ನಾನೂ ಅದನ್ನೇ ಓದಿ, ಎಲ್ಲ ಕಾಗದ ಜೋಡಿಸಿ, ಅರ್ಜಿ ಕಳಿಸಿದ್ದೆ. ಸೀಟು ಸಿಗಲಿಲ್ಲ. ಒಂದೂವರೆ ವರ್ಷ ಬಿಟ್ಟು ಮತ್ತೆ ಹಾಕಿದೆ, ಆಗ ಸಿಕ್ಕಿತು. ಈ ಎರಡು ಅರ್ಜಿಗಳ ನಡುವೆ ನನ್ನ ಪದವಿ ಅದೇ, ಅಂಕ ಅದೇ, ಕೆಲಸವೂ ಅದೇ. ಹಾಗಾದರೆ ಬದಲಾಗಿದ್ದೇನು? ಅದನ್ನು ಇಲ್ಲಿ ಬರೆದಿಡ್ತೀನಿ, ಯಾಕೆಂದರೆ ಆ ಒಂದೂವರೆ ವರ್ಷದಲ್ಲಿ ಕಲಿತದ್ದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ನನ್ನ ಮೊದಲ ಅರ್ಜಿಯೇ ಬೇರೆ ಥರ ಇರುತ್ತಿತ್ತು.

ಎಡ್‌ಡಿ ಅಂದರೆ ಡಾಕ್ಟರ್ ಆಫ್ ಎಜುಕೇಷನ್. ಹೆಸರಿನ ಮುಂದೆ ಡಾಕ್ಟರ್ ಅಂತ ಬರೋದು ಪಿಎಚ್‌ಡಿ ಮಾಡಿದವರಿಗೆ ಹೇಗೋ ಹಾಗೆಯೇ. ವ್ಯತ್ಯಾಸ ಇರೋದು ಯಾರಿಗಾಗಿ ಮಾಡಿದ ಪದವಿ ಅನ್ನೋದರಲ್ಲಿ. ಪಿಎಚ್‌ಡಿ ಮುಖ್ಯವಾಗಿ ಸಂಶೋಧಕರನ್ನು ತಯಾರು ಮಾಡುತ್ತದೆ. ಎಡ್‌ಡಿ ಇರೋದು ಈಗಾಗಲೇ ಶಾಲೆಯಲ್ಲೋ ಕಾಲೇಜಿನಲ್ಲೋ ಶಿಕ್ಷಣ ಇಲಾಖೆಯಲ್ಲೋ ಕೆಲಸ ಮಾಡ್ತಾ, ಅದೇ ಕೆಲಸದ ಒಂದು ಕಗ್ಗಂಟನ್ನು ಸಂಶೋಧನೆಯ ಶಿಸ್ತಿನಿಂದ ಬಿಡಿಸಬೇಕು ಅನ್ನೋರಿಗೆ. ಹೊಸದೇನಲ್ಲ ಇದು. ಅಮೆರಿಕದಲ್ಲಿ ಹಾರ್ವರ್ಡ್ 1920ರ ದಶಕದ ಶುರುವಿನಲ್ಲೇ ಈ ಪದವಿ ಕೊಡತೊಡಗಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1992ರಲ್ಲಿ ಶುರುವಾಯಿತು. ಆದರೂ ಎಡ್‌ಡಿ ಎಲ್ಲಿ ಮುಗಿಯುತ್ತದೆ, ಪಿಎಚ್‌ಡಿ ಎಲ್ಲಿ ಶುರುವಾಗುತ್ತದೆ ಅನ್ನೋ ಗೊಂದಲ ಬಹಳ ಕಾಲ ಇತ್ತು. ಎಷ್ಟೋ ಕಡೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪಾಠ, ಒಂದೇ ಥರದ ಪ್ರಬಂಧ. ಹಾರ್ವರ್ಡ್ ಕೊನೆಗೆ ತನ್ನ ಎಡ್‌ಡಿಯನ್ನು ನಿಲ್ಲಿಸಿ 2014ರಿಂದ ಪಿಎಚ್‌ಡಿ ಶುರು ಮಾಡಿತು. ಅದಕ್ಕೂ ಮುಂಚೆ, 2010ರಲ್ಲಿ, ಆಡಳಿತದ ನಾಯಕತ್ವಕ್ಕೆ ಅಂತಲೇ ಮೂರು ವರ್ಷದ ಬೇರೆ ಡಾಕ್ಟರೇಟ್ ತಂದಿತ್ತು. ಇನ್ನೊಂದು ಕಡೆ 2007ರಲ್ಲಿ ಕಾರ್ನೆಗಿ ಪ್ರಾಜೆಕ್ಟ್ ಆನ್ ದಿ ಎಜುಕೇಷನ್ ಡಾಕ್ಟರೇಟ್ ಅನ್ನೋ ಒಕ್ಕೂಟ ಶುರುವಾಗಿ, ಎಡ್‌ಡಿಯನ್ನು ವೃತ್ತಿಯಲ್ಲಿರೋರ ಪದವಿಯಾಗಿ ಮತ್ತೆ ಕಟ್ಟೋಣ ಅಂತ ಹೊರಟಿತು.

ಈ ಇತಿಹಾಸ ನಿಮಗ್ಯಾಕೆ ಅಂದರೆ, ನೀವು ಅರ್ಜಿ ಹಾಕೋ ಕೋರ್ಸ್ ಯಾವ ಕಡೆ ವಾಲಿದೆ ಅಂತ ಗೊತ್ತಿರಬೇಕು. ಕೆಲವು ಎಡ್‌ಡಿಗಳು ಇವತ್ತಿಗೂ ಪಿಎಚ್‌ಡಿಯ ತಮ್ಮನಂತಿವೆ. ಕೆಲವು ಪೂರ್ತಿ ಕೆಲಸದ ಸುತ್ತಲೇ ತಿರುಗುತ್ತವೆ. ಏನನ್ನು, ಹೇಗೆ ಸಂಶೋಧಿಸ್ತೀನಿ ಅಂತ ಬರೆದುಕೊಡೋ ಯೋಜನೆಗೆ ಪ್ರಪೋಸಲ್ ಅಂತಾರೆ. ಎರಡಕ್ಕೂ ಒಂದೇ ಪ್ರಪೋಸಲ್ ಕಳಿಸಿದರೆ ಒಂದು ಕಡೆ ಖಂಡಿತ ಬಿದ್ದುಹೋಗುತ್ತದೆ. ಕೋರ್ಸ್ ಮುಗಿಸಿದವರ ಥೀಸಿಸ್‌ಗಳ ಹೆಸರು ಓದಿ, ಐದಾರು ಸಾಕು, ವಾಲಿರೋ ಕಡೆ ಗೊತ್ತಾಗಿಬಿಡುತ್ತದೆ. ಬಹಳಷ್ಟು ವಿಶ್ವವಿದ್ಯಾಲಯಗಳು ತಮ್ಮ ಥೀಸಿಸ್‌ಗಳನ್ನು ರೆಪಾಸಿಟರಿ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಎಲ್ಲರಿಗೂ ತೆರೆದಿಟ್ಟಿವೆ, ದುಡ್ಡು ಕೊಡಬೇಕಾಗಿಲ್ಲ.

ಈಗ ಆ ಪಟ್ಟಿಯನ್ನು ಬೇಗ ಹೇಳಿಬಿಡ್ತೀನಿ. ಸಾಮಾನ್ಯವಾಗಿ ಒಂದು ಮಾಸ್ಟರ್ಸ್ ಪದವಿ, ಶಿಕ್ಷಣದಲ್ಲಿ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ. ಶಿಕ್ಷಣ ಕ್ಷೇತ್ರದಲ್ಲಿ ಕೆಲವು ವರ್ಷಗಳ ಅನುಭವ, ಮೂರರಿಂದ ಐದು ವರ್ಷ ಅಂತ ಕೇಳೋರೇ ಜಾಸ್ತಿ. ಅಂಕಪಟ್ಟಿಗಳು, ರೆಸ್ಯುಮೆ, ಎರಡು ಅಥವಾ ಮೂರು ಶಿಫಾರಸು ಪತ್ರ, ಯಾಕೆ ಮಾಡ್ತೀನಿ ಅಂತ ಒಂದು ಬರಹ. ಬ್ರಿಟನ್, ಆಸ್ಟ್ರೇಲಿಯಾ ಕಡೆ ಇದರ ಜೊತೆಗೆ ಸಂಶೋಧನಾ ಪ್ರಪೋಸಲ್ ಇರಲೇಬೇಕು ಅಂತಾರೆ. ಅಮೆರಿಕದಲ್ಲಿ ಮಾಸ್ಟರ್ಸ್‌ನಲ್ಲಿ 4ಕ್ಕೆ 3.0 ಜಿಪಿಎ (ಸರಾಸರಿ ಅಂಕ) ಅನ್ನೋ ಗೆರೆ ತುಂಬಾ ಕಡೆ ಕಾಣುತ್ತದೆ, ಪ್ರಪೋಸಲ್ ಬದಲು ನೀವು ಬರೆದ ಯಾವುದಾದರೂ ಲೇಖನದ ಮಾದರಿ ಕೇಳ್ತಾರೆ. ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆ ಮೊದಲೆಲ್ಲ ಕಡ್ಡಾಯ ಇತ್ತು, ಈಗ ಎಷ್ಟೋ ಎಡ್‌ಡಿಗಳು ಅದನ್ನು ಕೈಬಿಟ್ಟಿವೆ. ಇಂಗ್ಲಿಷ್ ಮಾಧ್ಯಮದ ಕೋರ್ಸಿಗೆ ಬೇರೆ ಭಾಷೆಯ ಹಿನ್ನೆಲೆಯವರು ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬರೀಬೇಕಾಗುತ್ತದೆ. ಅದರಲ್ಲಿ 9ಕ್ಕೆ 6.5ರಿಂದ 7ರ ತನಕ ಕೇಳ್ತಾರೆ, ಬರವಣಿಗೆಗೆ ಬೇರೆಯದೇ ಕನಿಷ್ಠ ಅಂಕ ಇಟ್ಟಿರೋದೂ ಉಂಟು. ಆ ಅಂಕಕ್ಕೆ ಎರಡು ವರ್ಷದ ಆಯಸ್ಸು ಅಷ್ಟೇ. ತುಂಬಾ ಮುಂಚೆ ಬರೆದಿಟ್ಟುಕೊಂಡರೆ ವ್ಯರ್ಥ ಆಗುತ್ತದೆ.

ಇಷ್ಟು ಪಟ್ಟಿ. ನನ್ನ ಹತ್ತಿರ ಇದೆಲ್ಲ ಇತ್ತು.

ಕೊರತೆ ಇದ್ದಿದ್ದು ಎರಡು ಕಡೆ. ಒಂದು ಸಣ್ಣ ಅಕ್ಷರದಲ್ಲಿತ್ತು: "ಮಾಸ್ಟರ್ಸ್‌ನಲ್ಲಿ ಗಣನೀಯ ಸಂಶೋಧನಾ ಭಾಗ ಇರಬೇಕು." ನನ್ನ ಮಾಸ್ಟರ್ಸ್ ಪೂರ್ತಿ ಪರೀಕ್ಷೆಗಳದ್ದು. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧ ಅಥವಾ ಎರಡು ಹೆಚ್ಚುವರಿ ಪೇಪರ್ ಅಂತ ಆಯ್ಕೆ ಇದ್ದಾಗ ನಾನು ಪೇಪರ್ ತಗೊಂಡಿದ್ದೆ, ಕೆಲಸ ಮಾಡ್ತಾ ಓದ್ತಿದ್ದೆ, ಸಮಯ ಇರಲಿಲ್ಲ. ಮಾಸ್ಟರ್ಸ್ ಇದೆ ಅಂದರೆ ಸಾಕು ಅಂದುಕೊಂಡಿದ್ದೆ. ಸಾಲಲ್ಲ. ಡಾಕ್ಟರೇಟ್ ಸೇರಿಸಿಕೊಳ್ಳೋರು ನೋಡೋದು ಒಂದೇ: ಈ ವ್ಯಕ್ತಿ ಒಬ್ಬರೇ ಕೂತು, ಒಂದು ಪ್ರಶ್ನೆ ಹಿಡಿದು, ಮಾಹಿತಿ ಕಲೆಹಾಕಿ, ಹತ್ತಾರು ಸಾವಿರ ಪದ ಬರೆದು ಮುಗಿಸ್ತಾರಾ? ಬ್ರಿಟನ್ನಿನ ಎಡ್‌ಡಿ ಥೀಸಿಸ್ ಸಾಮಾನ್ಯವಾಗಿ 45,000 ಪದದಿಂದ ಮೇಲಕ್ಕೆ. ಪಿಎಚ್‌ಡಿಯ 80,000ಕ್ಕಿಂತ ಕಡಿಮೆ ನಿಜ, ಆದರೆ ಅದಕ್ಕೆ ಮುಂಚಿನ ಎರಡು ವರ್ಷ ಪಾಠ, ಅಸೈನ್‌ಮೆಂಟ್ ಇರುತ್ತದೆ. ಅದನ್ನೂ ಕೂಡಿಸಿದರೆ ಬರವಣಿಗೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಎಂದೂ ಉದ್ದಕ್ಕೆ ಬರೆಯದವರನ್ನು ಅವರು ಯಾವ ಧೈರ್ಯದ ಮೇಲೆ ತಗೊಳ್ಳಬೇಕು?

ಈ ಕೊರತೆ ತುಂಬಿಕೊಳ್ಳೋಕೆ ದಾರಿಗಳಿವೆ. ನಿಮ್ಮ ಸ್ಥಿತಿಗೆ ಯಾವುದು ಹೊಂದುತ್ತದೋ ನೋಡಿ. ಸಂಶೋಧನೆಗೆ ಅಂತಲೇ ಇರೋ ಒಂದು ವರ್ಷದ ಮಾಸ್ಟರ್ಸ್ ಇದೆ, ಎಂರೆಸ್ (ಮಾಸ್ಟರ್ ಆಫ್ ರಿಸರ್ಚ್) ಅಂತಾರೆ. ಅದು ಗಟ್ಟಿ ದಾರಿ. ಆದರೆ ಈಗಾಗಲೇ ಒಂದು ಮಾಸ್ಟರ್ಸ್ ಇರೋರಿಗೆ ಸ್ವಲ್ಪ ಭಾರ. ಸಂಶೋಧನಾ ವಿಧಾನಗಳಲ್ಲಿ ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್ ಇದೆ, ಕೆಲವು ತಿಂಗಳಿಂದ ಒಂದು ವರ್ಷ, ಕೆಲಸ ಬಿಡದೆ ಮಾಡಬಹುದು. ಅಮೆರಿಕದಲ್ಲಿ ಎಜುಕೇಷನ್ ಸ್ಪೆಷಲಿಸ್ಟ್ ಅಂತ ಮಾಸ್ಟರ್ಸ್‌ಗೂ ಡಾಕ್ಟರೇಟ್‌ಗೂ ನಡುವಿನ ಒಂದು ಮೆಟ್ಟಿಲಿದೆ, ಸುಮಾರು 30 ಕ್ರೆಡಿಟ್. ಅದರ ಒಂದಷ್ಟು ಕ್ರೆಡಿಟ್‌ಗಳನ್ನು ಮುಂದೆ ಎಡ್‌ಡಿಗೆ ಲೆಕ್ಕ ಹಿಡಿಯೋ ವಿಶ್ವವಿದ್ಯಾಲಯಗಳೂ ಇವೆ, ಸೇರೋ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ. ಇನ್ನು ಕೆಲವು ಕಡೆ ಸಂಶೋಧನಾ ವಿಧಾನದ ಮಾಡ್ಯೂಲ್‌ಗಳನ್ನು ಮೊದಲು ಪಾಸು ಮಾಡಿ, ಆಮೇಲೆ ಪೂರ್ತಿ ಪ್ರವೇಶ ಅಂತ ಷರತ್ತು ಹಾಕಿ ಸೇರಿಸಿಕೊಳ್ತಾರೆ. ನೀವು ಸಂಸ್ಥೆಯಲ್ಲಿ ಮಾಡಿದ ಪ್ರಕಟಿತ ಕೆಲಸ, ವರದಿ, ಪಠ್ಯಕ್ರಮ ರಚನೆ ಇವನ್ನೆಲ್ಲ ಪೋರ್ಟ್‌ಫೋಲಿಯೋ ಮಾಡಿ, ಸಂಶೋಧನಾ ಅನುಭವಕ್ಕೆ ಸಮ ಅಂತ ಒಪ್ಪಿಸೋ ಅವಕಾಶವೂ ಕೆಲವು ಕಡೆ ಉಂಟು. ಇದನ್ನು ಪುಟದಲ್ಲಿ ದೊಡ್ಡದಾಗಿ ಬರೆದಿರೋಲ್ಲ. ಇಮೇಲ್ ಮಾಡಿ ಕೇಳಿದರೆ ಹೇಳ್ತಾರೆ.

ನಾನು ಸರ್ಟಿಫಿಕೇಟ್ ದಾರಿ ಹಿಡಿದೆ. ಅದರಲ್ಲಿ ಕೊನೆಗೆ 5,000 ಪದದ ಒಂದು ಬರಹ ಇತ್ತು. ಆ 5,000 ಪದ ನನಗೆ ಕಲಿಸಿದಷ್ಟನ್ನು ಮಾಸ್ಟರ್ಸ್‌ನ ಎರಡು ವರ್ಷ ಕಲಿಸಿರಲಿಲ್ಲ. ಇದನ್ನು ಹೇಳೋಕೆ ನನಗೆ ಸಂಕೋಚವಿಲ್ಲ.

ಎರಡನೇ ಕೊರತೆ ಪ್ರಪೋಸಲ್‌ನಲ್ಲಿತ್ತು, ಅಸಲು ವಿಷಯ ಅದೇ. ನನ್ನ ಮೊದಲ ಪ್ರಪೋಸಲ್‌ನ ಹೆಸರು "ಶಿಕ್ಷಕರ ತರಬೇತಿ ಮತ್ತು ಮಕ್ಕಳ ಕಲಿಕೆಯ ಗುಣಮಟ್ಟ". ಓದಿದರೆ ಗಂಭೀರವಾಗಿದೆ, ಅಲ್ವಾ? ಆದರೆ ಯಾವ ಶಿಕ್ಷಕರು, ಯಾವ ತರಬೇತಿ, ಯಾವ ಮಕ್ಕಳು, ಕಲಿಕೆಯನ್ನು ಅಳೆಯೋದು ಹೇಗೆ, ಇದು ಯಾವುದೂ ಅದರಲ್ಲಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ನಾನೇ ಅದರಲ್ಲಿರಲಿಲ್ಲ. ಅದನ್ನು ಯಾರು ಬೇಕಾದರೂ, ಯಾವ ಊರಿನಲ್ಲಿ ಕೂತು ಬೇಕಾದರೂ ಬರೆಯಬಹುದಿತ್ತು. ಎಡ್‌ಡಿಗೆ ಬೇಕಿರೋದು ಇದಕ್ಕೆ ಪೂರ್ತಿ ಉಲ್ಟಾ. ಕಾರ್ನೆಗಿ ಒಕ್ಕೂಟದವರು 'ಪ್ರಾಬ್ಲಂ ಆಫ್ ಪ್ರಾಕ್ಟೀಸ್' ಅಂತ ಒಂದು ಮಾತು ಬಳಸ್ತಾರೆ. ವೃತ್ತಿಯ ಒಳಗೇ ಇರೋ, ಎಷ್ಟು ಸಲ ಸರಿ ಮಾಡಿದರೂ ಮತ್ತೆ ಮತ್ತೆ ಬರೋ, ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡ ಸಮಸ್ಯೆ. ಅದನ್ನು ಬಿಡಿಸಿದರೆ ಆ ಜಾಗದಲ್ಲಿ ಏನಾದರೂ ಸುಧಾರಿಸಬೇಕು.

ನಾನು ಒಂದು ಶಾಲೆಯಲ್ಲಿ ಅಕಾಡೆಮಿಕ್ ಕೋಆರ್ಡಿನೇಟರ್. ವಾರಕ್ಕೆ ನಾಲ್ಕೈದು ತರಗತಿಗಳ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡ್ತೀನಿ, ಆಮೇಲೆ ಶಿಕ್ಷಕರಿಗೆ ಫೀಡ್‌ಬ್ಯಾಕ್ ಬರೆದುಕೊಡ್ತೀನಿ. ವರ್ಷಗಟ್ಟಲೆ ಇದನ್ನು ಮಾಡಿದ ಮೇಲೆ ಒಂದು ದಿನ ಹಳೆ ಹಾಳೆಗಳನ್ನು ತೆಗೆದು ನೋಡಿದೆ. ಒಬ್ಬ ಶಿಕ್ಷಕಿಗೆ ಜೂನ್‌ನಲ್ಲಿ ಬರೆದ ಸಲಹೆಯನ್ನೇ ನವೆಂಬರ್‌ನಲ್ಲೂ ಬರೆದಿದ್ದೆ, ಫೆಬ್ರವರಿಯಲ್ಲೂ ಬರೆದಿದ್ದೆ. "ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಯೋಚಿಸೋಕೆ ಸ್ವಲ್ಪ ಸಮಯ ಕೊಡಿ." ಮೂರು ಸಲ, ಬಹುತೇಕ ಅದೇ ಪದಗಳಲ್ಲಿ. ಅವರು ಒಳ್ಳೆಯ ಶಿಕ್ಷಕಿ, ಸಲಹೆಯನ್ನು ಒಪ್ಪಿ ಸಹಿ ಮಾಡಿದ್ದರು. ಹಾಗಿದ್ದೂ ಅದು ತರಗತಿಗೆ ಹೋಗಿರಲಿಲ್ಲ. ಯಾಕೆ? ಹಾಳೆ ತಿರುವಿದಂತೆ ಇನ್ನೂ ಎಂಟು ಹತ್ತು ಜನರದ್ದು ಇದೇ ಕಥೆ. ಅದರಲ್ಲೂ ಮೂರು ವರ್ಷಕ್ಕಿಂತ ಕಡಿಮೆ ಅನುಭವದವರದ್ದು.

ನನ್ನ ಎರಡನೇ ಪ್ರಪೋಸಲ್ ಹುಟ್ಟಿದ್ದು ಆ ಮಧ್ಯಾಹ್ನ. ಹೊಸ ಶಿಕ್ಷಕರಿಗೆ ಪಾಠ ನೋಡಿ ಕೊಟ್ಟ ಲಿಖಿತ ಫೀಡ್‌ಬ್ಯಾಕ್ ಮುಂದಿನ ಪಾಠದಲ್ಲಿ ಯಾಕೆ ಕಾಣೋದಿಲ್ಲ, ಅದು ಎಲ್ಲಿ ನಿಂತುಹೋಗುತ್ತದೆ. ಇಷ್ಟೇ. ಇದಕ್ಕೆ ಜಾಗ ಇದೆ, ಜನ ಇದ್ದಾರೆ, ಕಾಗದ ಇದೆ, ನನಗೆ ಅಲ್ಲಿಗೆ ಪ್ರವೇಶ ಇದೆ. ಉತ್ತರ ಸಿಕ್ಕರೆ ನಾಳೆ ಬೆಳಗ್ಗೆ ನನ್ನ ಕೆಲಸ ಬದಲಾಗುತ್ತದೆ.

ನೀವು ಅರ್ಜಿ ಹಾಕಬೇಕು ಅಂತಿದ್ದರೆ ಇಲ್ಲಿಂದಲೇ ಶುರು ಮಾಡಿ ಅಂತ ಕೇಳಿಕೊಳ್ತೀನಿ. ಮೊದಲು ವಿಶ್ವವಿದ್ಯಾಲಯ ಹುಡುಕಬೇಡಿ. ನಿಮ್ಮ ಮೇಜಿನ ಮೇಲಿರೋ ಹಾಜರಿ ಪುಸ್ತಕ, ಉತ್ತರಪತ್ರಿಕೆ, ಸಭೆಯ ನಡಾವಳಿ, ಪೋಷಕರ ದೂರು, ಇವನ್ನು ಒಂದು ವಾರ ಓದಿ. ಯಾವುದು ಮತ್ತೆ ಮತ್ತೆ ಬರ್ತಿದೆಯೋ ಅದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಎರಡೇ ವಾಕ್ಯ. ಅದರಲ್ಲಿ 'ಗುಣಮಟ್ಟ', 'ಸಮಗ್ರ', 'ಪರಿಣಾಮ' ಇಂಥ ಪದ ಬಂದರೆ ಅಳಿಸಿ, ಅದರ ಜಾಗದಲ್ಲಿ ಕಣ್ಣಿಗೆ ಕಾಣೋದನ್ನು ಬರೆಯಿರಿ.

ಆಮೇಲೆ ಓದು. ನಾನು ವಾರಕ್ಕೆ ಒಂದು ಸಂಶೋಧನಾ ಲೇಖನ ಅಂತ ಇಟ್ಟುಕೊಂಡೆ, ಜಾಸ್ತಿ ಬೇಡ. ಒಂದೊಂದಕ್ಕೂ ಅರ್ಧ ಪುಟ ಟಿಪ್ಪಣಿ: ಇವರು ಏನು ಕೇಳಿದರು, ಹೇಗೆ ಹುಡುಕಿದರು, ಏನು ಸಿಕ್ಕಿತು, ನನಗೆ ಎಲ್ಲಿ ಅನುಮಾನ. ಕೊನೆಯದನ್ನು ಬಿಡಬೇಡಿ. ವರ್ಷದ ಕೊನೆಗೆ 50 ಅರ್ಧ ಪುಟ ಆಯಿತು, ಪ್ರಪೋಸಲ್‌ನ ಸಾಹಿತ್ಯ ಸಮೀಕ್ಷೆ, ಅಂದರೆ ಆ ವಿಷಯದಲ್ಲಿ ಈಗಾಗಲೇ ನಡೆದ ಸಂಶೋಧನೆಗಳ ವಿವರ, ಅದರಿಂದಲೇ ಬಂತು. ಹುಡುಕೋಕೆ ಎರಿಕ್ ಅನ್ನೋ ಡೇಟಾಬೇಸ್ ಇದೆ, 1960ರ ದಶಕದಲ್ಲಿ ಶುರುವಾಗಿ ಈಗ ಅಮೆರಿಕದ ಶಿಕ್ಷಣ ಇಲಾಖೆಯ ಕೈಯಲ್ಲಿರೋದು, ಎಲ್ಲರಿಗೂ ಉಚಿತ. ಅದರಲ್ಲಿ ಎಷ್ಟೋ ಲೇಖನಗಳು ಪೂರ್ತಿಯಾಗಿಯೇ ಸಿಗುತ್ತವೆ. ಓದಿದ್ದನ್ನು ಜೊಟೆರೊ ಅನ್ನೋ, ಲೇಖನಗಳ ವಿವರ ಜೋಡಿಸಿಡೋ ತಂತ್ರಾಂಶದಲ್ಲಿ ಸೇರಿಸಿಡಿ, ಅದೂ ಉಚಿತ. ಮೊದಲ ದಿನದಿಂದಲೇ ಸೇರಿಸಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾವ ಮಾತು ಎಲ್ಲಿ ಓದಿದ್ದು ಅಂತ ಹುಡುಕೋದರಲ್ಲೇ ದಿನ ಹೋಗುತ್ತದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಓಪನ್‌ಲರ್ನ್ ವೆಬ್‌ಸೈಟಿನಲ್ಲಿ ಉಚಿತ ಕೋರ್ಸ್‌ಗಳಿವೆ. ಶುರು ಮಾಡೋಕೆ ಒಳ್ಳೆಯ ಜಾಗ.

ಜೊತೆಗೆ ಕೈಯಾರೆ ಒಂದು ಸಣ್ಣ ಸಂಶೋಧನೆ ಮಾಡಿ ನೋಡಿ. ಶಿಕ್ಷಕರಿಗೆ ಕ್ರಿಯಾ ಸಂಶೋಧನೆ ಹೊಸ ಮಾತಲ್ಲ, ಬಿ.ಎಡ್‌ನಲ್ಲೇ ಎಲ್ಲರೂ ಓದಿರ್ತೀವಿ. 1940ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಹಾಕಿಕೊಟ್ಟ ದಾರಿ: ಯೋಜಿಸು, ಮಾಡು, ನೋಡು, ಮತ್ತೆ ತಿದ್ದು. ನಾನು ಆರು ವಾರ ಒಬ್ಬರೇ ಶಿಕ್ಷಕಿಯ ಜೊತೆ ಲಿಖಿತ ಫೀಡ್‌ಬ್ಯಾಕ್ ನಿಲ್ಲಿಸಿ, ಪಾಠ ಮುಗಿದ ಹತ್ತು ನಿಮಿಷದೊಳಗೆ ಎದುರಿಗೆ ಕೂತು ಒಂದೇ ಒಂದು ವಿಷಯ ಮಾತಾಡೋದು ಅಂತ ಮಾಡಿದೆ. ಏನು ಬದಲಾಯಿತು, ಏನು ಬದಲಾಗಲಿಲ್ಲ ಅಂತ ದಿನಚರಿ ಬರೆದೆ. ಒಬ್ಬರಿಂದ ಏನೂ ಸಾಬೀತಾಗೋಲ್ಲ. ಆದರೆ ಯಾವ ಮಾಹಿತಿ ಸುಲಭವಾಗಿ ಸಿಗುತ್ತದೆ, ಯಾವುದು ಸಿಗೋಲ್ಲ, ಜನ ಯಾವಾಗ ಬಾಯಿ ಬಿಡ್ತಾರೆ, ಯಾವಾಗ ಸುಮ್ನೆ ತಲೆ ಆಡಿಸ್ತಾರೆ ಅಂತ ಚೆನ್ನಾಗಿ ಗೊತ್ತಾಯಿತು.

ಶಿಫಾರಸು ಪತ್ರದ ಬಗ್ಗೆ ಒಂದು ಮಾತು. ಮೊದಲ ಸಲ ನನ್ನ ಎರಡೂ ಪತ್ರ ಕೆಲಸದ ಕಡೆಯಿಂದ ಬಂದವು. ಶ್ರದ್ಧೆಯಿಂದ ಕೆಲಸ ಮಾಡ್ತಾರೆ, ಸಮಯಕ್ಕೆ ಬರ್ತಾರೆ, ಎಲ್ಲರ ಜೊತೆ ಹೊಂದಿಕೊಳ್ತಾರೆ. ನಿಜವೇ, ಪ್ರೀತಿಯಿಂದ ಬರೆದಿದ್ದರು. ಆದರೆ ಇವರಿಗೆ ಸಂಶೋಧನೆ ಮಾಡೋಕೆ ಬರುತ್ತದಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಕನಿಷ್ಠ ಒಂದು ಪತ್ರ ನಿಮ್ಮ ಬರವಣಿಗೆಯನ್ನು ಓದಿ ತಿದ್ದಿದವರಿಂದ ಬರಬೇಕು. ಮಾಸ್ಟರ್ಸ್ ಮುಗಿದು ಹತ್ತು ವರ್ಷ ಆಗಿದ್ದರೆ ಹಳೆ ಮೇಷ್ಟ್ರಿಗೆ ನಮ್ಮ ಮುಖ ನೆನಪಿರಬಹುದು, ಬರಹ ನೆನಪಿರೋಲ್ಲ. ಸರ್ಟಿಫಿಕೇಟ್ ಕೋರ್ಸಿನ ಟ್ಯೂಟರ್ ಇಲ್ಲೇ ನನ್ನ ಕೈ ಹಿಡಿದಿದ್ದು. ಅವರು ನನ್ನ 5,000 ಪದವನ್ನು ಎರಡು ಸಲ ತಿದ್ದಿದ್ದರು, ಅದನ್ನೇ ಪತ್ರದಲ್ಲಿ ಬರೆದರು. ಪತ್ರ ಕೇಳುವಾಗ ಪ್ರಪೋಸಲ್‌ನ ಕರಡನ್ನೂ ಜೊತೆಗೆ ಕೊಡಿ, ಕನಿಷ್ಠ ಒಂದು ತಿಂಗಳು ಸಮಯ ಕೊಡಿ.

ಇಂಟರ್‌ವ್ಯೂ ಬಗ್ಗೆ ಸ್ವಲ್ಪ ಉದ್ದ ಬರೀಬೇಕು, ಯಾಕೆಂದರೆ ನನಗೆ ಅಲ್ಲಿ ಕೇಳಿದ ಪ್ರಶ್ನೆಯೇ ಈ ಪದವಿಯ ಮೂಲದ ಪ್ರಶ್ನೆ ಅಂತ ಈಗ ಅನ್ನಿಸುತ್ತಿದೆ. ಇಬ್ಬರು ಪ್ರಾಧ್ಯಾಪಕರಿದ್ದರು, ವಿಡಿಯೋ ಕರೆ, ಸುಮಾರು 40 ನಿಮಿಷ. ವಿಧಾನದ ಬಗ್ಗೆ ಕೇಳಿದರು, ಓದಿದ್ದರ ಬಗ್ಗೆ ಕೇಳಿದರು. ಆಮೇಲೆ ಒಬ್ಬರು, "ಈ ಶಿಕ್ಷಕರ ವಾರ್ಷಿಕ ಮೌಲ್ಯಮಾಪನ ಮಾಡೋದು ಯಾರು?" ಅಂದರು. ನಾನೇ ಅಂದೆ. "ಹಾಗಾದರೆ ಅವರು ನಿಮ್ಮ ಫೀಡ್‌ಬ್ಯಾಕ್ ಉಪಯೋಗಕ್ಕೆ ಬರ್ತಿಲ್ಲ ಅಂತ ನಿಮ್ಮ ಮುಂದೆಯೇ ಹೇಳ್ತಾರೆ ಅಂತ ನೀವು ನಂಬ್ತೀರಾ?"

ಎಡ್‌ಡಿ ಮಾಡೋ ಎಲ್ಲರೂ ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲಬೇಕು. ನಮ್ಮದೇ ಸಂಸ್ಥೆ, ನಮ್ಮದೇ ಸಹೋದ್ಯೋಗಿಗಳು, ನಮ್ಮದೇ ವಿದ್ಯಾರ್ಥಿಗಳು. ಒಳಗಿನವರು ಅನ್ನೋದೇ ನಮಗಿರೋ ಅನುಕೂಲ, ತೊಡಕೂ ಅದೇ. ನಾವು ಸಹಿ ಹಾಕಿಸಿಕೊಂಡ ಒಪ್ಪಿಗೆ ನಿಜವಾದ ಒಪ್ಪಿಗೆಯಾ, ಅಥವಾ ಮೇಲಿನವರು ಕೇಳಿದರು ಅಂತ ಕೊಟ್ಟದ್ದಾ? ಸಣ್ಣ ಶಾಲೆಯಲ್ಲಿ ಹೆಸರು ಮರೆಮಾಡಿದರೂ ಯಾರು ಅಂತ ಗೊತ್ತಾಗದೆ ಇರುತ್ತದಾ? ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪದೆ ಒಂದೇ ಒಂದು ಸಂದರ್ಶನವನ್ನೂ ಮಾಡೋ ಹಾಗಿಲ್ಲ, ಅವರು ಮೊದಲು ನೋಡೋದೂ ಇದನ್ನೇ. ಬ್ರಿಟಿಷ್ ಎಜುಕೇಷನಲ್ ರಿಸರ್ಚ್ ಅಸೋಸಿಯೇಷನ್‌ನ ನೈತಿಕ ಮಾರ್ಗಸೂಚಿ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಪೋಸಲ್ ಬರೆಯೋ ಮುಂಚೆ ಅದನ್ನು ಓದಿ, ಆಮೇಲೆ ಓದಿದರೆ ಪ್ರಪೋಸಲ್ ಮತ್ತೆ ಬರೀಬೇಕಾಗುತ್ತದೆ.

ನಾನು ಪುಣ್ಯಕ್ಕೆ ಓದಿದ್ದೆ. ಸಂಶೋಧನೆ ನಡೆಯೋ ವರ್ಷ ಆ ಶಿಕ್ಷಕರ ಮೌಲ್ಯಮಾಪನದಿಂದ ನಾನು ಹೊರಗೆ ಉಳೀತೀನಿ, ಅದನ್ನು ಇನ್ನೊಬ್ಬ ಕೋಆರ್ಡಿನೇಟರ್ ನೋಡಿಕೊಳ್ತಾರೆ, ಇದಕ್ಕೆ ಆಡಳಿತ ಮಂಡಳಿಯ ಪತ್ರ ನನ್ನ ಹತ್ತಿರ ಇದೆ ಅಂತ ಹೇಳಿದೆ. ಭಾಗವಹಿಸೋಕೆ ಕರೆಯೋದೂ ನಾನಲ್ಲ, ಬೇರೆಯವರು. ಇಷ್ಟಾದರೂ ಪೂರ್ತಿ ಪರಿಹಾರ ಆಗೋಲ್ಲ, ಮರುವರ್ಷ ನಾನು ಮತ್ತೆ ಅದೇ ಕುರ್ಚಿಗೆ ಬರ್ತೀನಿ ಅಂತ ಅವರಿಗೂ ಗೊತ್ತು ಅಂತಲೂ ಹೇಳಿದೆ. ಆ ಪ್ರಾಧ್ಯಾಪಕರು ಏನೋ ಬರೆದುಕೊಂಡರು. ಅಲ್ಲಿಂದ ಮುಂದೆ ಮಾತು ಸಂದರ್ಶನದ ಥರ ಇರಲಿಲ್ಲ, ಮೂರು ಜನ ಕೂತು ಒಂದು ಸಮಸ್ಯೆ ನೋಡ್ತಿದ್ದ ಹಾಗಿತ್ತು.

ಸಂಸ್ಥೆಯಿಂದ ಪತ್ರ ಅಂದೆನಲ್ಲ, ಅದನ್ನು ಮುಂಚೆಯೇ ತಗೊಳ್ಳಿ. ಸಂಶೋಧನೆಗೆ ಅನುಮತಿ, ರಜೆ, ಸಾಧ್ಯವಾದರೆ ಶುಲ್ಕದಲ್ಲಿ ಪಾಲು, ಎಲ್ಲ ಬರಹದಲ್ಲಿ. ಅರೆಕಾಲಿಕ ಎಡ್‌ಡಿ ಬ್ರಿಟನ್ನಿನಲ್ಲಿ ನಾಲ್ಕರಿಂದ ಏಳು ವರ್ಷ ಹಿಡಿಯುತ್ತದೆ, ಅಮೆರಿಕದಲ್ಲಿ ಮೂರರಿಂದ ಐದು. ಅಷ್ಟರಲ್ಲಿ ಪ್ರಿನ್ಸಿಪಾಲರು ಬದಲಾಗಬಹುದು, ಬಾಯಿಮಾತಿನ ಭರವಸೆ ಅವರ ಜೊತೆಗೇ ಹೋಗುತ್ತದೆ. ನೀವೇ ಕೆಲಸ ಬದಲಿಸಿದರೆ ನಿಮ್ಮ ಸಮಸ್ಯೆಯೇ ಕೈತಪ್ಪಿ ಹೋಗಬಹುದು, ಅದನ್ನೂ ಯೋಚಿಸಿಟ್ಟುಕೊಳ್ಳಿ. ಮನೆಯವರ ಜೊತೆಗೂ ಇದೇ ಮಾತು. ವಾರಕ್ಕೆ ಎಷ್ಟು ಗಂಟೆ, ಯಾವ ದಿನ, ಆ ಹೊತ್ತಿನಲ್ಲಿ ಮನೆ ಕೆಲಸ ಯಾರದ್ದು ಅಂತ ಸೇರೋ ಮುಂಚೆ ಕೂತು ಮಾತಾಡಿ. ದೂರಶಿಕ್ಷಣದ ಅಥವಾ ಪೂರ್ತಿ ಆನ್‌ಲೈನ್ ಎಡ್‌ಡಿ ಆದರೆ, ಅದು ಮಾನ್ಯತೆ ಪಡೆದ ಸಂಸ್ಥೆಯದ್ದಾ, ನೀವು ಮುಂದೆ ಕೆಲಸ ಮಾಡಬೇಕು ಅಂತಿರೋ ಕಡೆ ಅದನ್ನು ಡಾಕ್ಟರೇಟ್ ಅಂತ ಒಪ್ಪಿಕೊಳ್ತಾರಾ ಅಂತ ದುಡ್ಡು ಕಟ್ಟೋ ಮುಂಚೆ ಕೇಳಿ ಖಚಿತ ಮಾಡಿಕೊಳ್ಳಿ. ಕಾಲೇಜು ಅಧ್ಯಾಪಕರ ಹುದ್ದೆ ಗುರಿಯಾಗಿದ್ದರೆ ಪಿಎಚ್‌ಡಿಯೇ ಬೇಕು ಅನ್ನೋ ನಿಯಮ ಇರಬಹುದು. ಆಗ ಎಡ್‌ಡಿ ನಿಮಗೆ ಸರಿಯಾದ ದಾರಿ ಅಲ್ಲ ಅಂತ ನಾನು ನೇರವಾಗಿಯೇ ಹೇಳ್ತೀನಿ.

ನಾನೀಗ ಮೊದಲ ವರ್ಷದ ಕೊನೆಯಲ್ಲಿದ್ದೀನಿ. ಹೋದ ತಿಂಗಳು ಒಂದು ಅಸೈನ್‌ಮೆಂಟ್‌ಗಾಗಿ ಹಳೆ ಫೀಡ್‌ಬ್ಯಾಕ್ ಹಾಳೆಗಳನ್ನು ಮತ್ತೆ ಓದಿದೆ, ಈ ಸಲ ಶಿಕ್ಷಕರ ಹೆಸರು ಮುಚ್ಚಿ ನನ್ನ ವಾಕ್ಯಗಳನ್ನು ಮಾತ್ರ. ಹೆಚ್ಚಿನವು ಅಪ್ಪಣೆಗಳು. ಪ್ರಶ್ನೆಗಳು ಬೆರಳೆಣಿಕೆಯಷ್ಟು. ಫೀಡ್‌ಬ್ಯಾಕ್ ಎಲ್ಲಿ ನಿಂತುಹೋಗುತ್ತದೆ ಅಂತ ಶಿಕ್ಷಕರ ಕಡೆಯೇ ಹುಡುಕ್ತಿದ್ದೆ. ಅದು ನನ್ನ ಪೆನ್ನಿನ ಹತ್ತಿರವೇ ನಿಂತಿರಬಹುದು ಅಂತ ನನ್ನ ಎಡ್‌ಡಿ ಸೂಪರ್‌ವೈಸರ್‌ಗೆ ಬರೆದೆ. ಅವರು ಪ್ರಶ್ನೆಯನ್ನು ತಿದ್ದಿ ಎರಡು ವಾಕ್ಯದಲ್ಲಿ ಕಳಿಸಿ ಅಂದಿದ್ದಾರೆ. ಇವತ್ತು ರಾತ್ರಿ ಅದನ್ನು ಬರೀಬೇಕು.